ಅಲ್ಪ ಶಕ್ತಿಯೂ ಮರದ ಪೆಟ್ಟಿಗೆಯೂ

ನಾಗಸ್ವರದ ಪೀಪಿಯನ್ನು ಕೊಳವೆಯಿಂದ ಕಳಚಿ ಊದಿದರೆ ಕಿರುಚುದನಿಯೊಂದೇ ಹೊರಡುತ್ತದೆ. ಅದೇ ಪೀಪಿಯನ್ನು ಕೊಳವೆಗೆ ಸೇರಿಸಿ ಅದೇ ಉಸಿರಿನಿಂದ ಊದಿದರೆ ದೇವಾಲಯದ ನಾಲ್ಕು ಬೀದಿಗಳಿಗೂ ರಾಗವು ತುಂಬಿಕೊಳ್ಳುತ್ತದೆ. ಊದುವವನ ಉಸಿರು ಹೆಚ್ಚಲಿಲ್ಲ; ಆ ಉಸಿರು ಗಾಳಿಯೊಡನೆ ಕೂಡುವ ದಾರಿ ಬದಲಾಯಿತು, ಅಷ್ಟೆ. ರೇಡಿಯೋ, ಸಿನಿಮಾ, ಗ್ರಾಮಫೋನುಗಳ ಸ್ಪೀಕರಿಗೂ ಅದನ್ನು ಹೊತ್ತ ಪೆಟ್ಟಿಗೆಗೂ ಇರುವ ಸಂಬಂಧವು ಇದೇ ಬಗೆಯದು. ಪೆಟ್ಟಿಗೆಯೆಂದರೆ ಧೂಳು ಬೀಳದಂತೆ ಮುಚ್ಚುವ ಹೊದಿಕೆಯೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ನಾನೂ ಹಾಗೆಯೇ ತಿಳಿದಿದ್ದೆ. ಆ ತಿಳಿವಳಿಕೆ ತಪ್ಪೆಂದು ಕಲಿಸಿದ ಒಂದು ಪ್ರಸಂಗದಿಂದ ಈ ಲೇಖನವನ್ನು ಆರಂಭಿಸುತ್ತೇನೆ.

ನಮ್ಮ ಸಂಘದ ಕೊಠಡಿಯಲ್ಲಿ ಹಳೆಯ ವಾಲ್ವ್ ರೇಡಿಯೋ ಒಂದು ಬಹುಕಾಲದಿಂದ ಬಿದ್ದಿತ್ತು. ಅದರ ಮರದ ಪೆಟ್ಟಿಗೆಯನ್ನು ಗೆದ್ದಲು ತಿಂದುಹಾಕಿದ್ದರೂ ಒಳಗಿನ ಯಂತ್ರ ಕೆಟ್ಟಿರಲಿಲ್ಲ. ಬಲ್ಲವರೊಬ್ಬರಿಂದ ಅದನ್ನು ರಿಪೇರಿ ಮಾಡಿಸಿ, ಗ್ರಾಮಫೋನಿಗೆಂದು ಹಿಂಬದಿಯಲ್ಲಿದ್ದ ರಂಧ್ರಕ್ಕೆ ನನ್ನ ಮೊಬೈಲ್ ಫೋನನ್ನು ಜೋಡಿಸಿ, ಹಳೆಯ ಕನ್ನಡ ಭಾಷಣವೊಂದನ್ನು ವಾರ್ಷಿಕ ಸಭೆಯಲ್ಲಿ ಕೇಳಿಸಬೇಕೆಂದು ಹವಣಿಸಿದೆ. ಹುಳು ಹಿಡಿದ ಪೆಟ್ಟಿಗೆಯನ್ನು ಒಲೆಗೆ ಕೊಟ್ಟು, ಎಂಟು ಅಂಗುಲದ ಸ್ಪೀಕರನ್ನು ಬರಿದಾಗಿಯೇ ಮೇಜಿನ ಮೇಲೆ ನಿಲ್ಲಿಸಿದೆ. ಭಾಷಣ ಮುಗಿದ ಮೇಲೆ, ಜೀವಮಾನವೆಲ್ಲ ಮಗ್ಗದ ಮುಂದೆ ಕಳೆದ ಹಿರಿಯರೊಬ್ಬರು ನನ್ನ ಬಳಿಗೆ ಬಂದು, "ಮೇಷ್ಟ್ರೇ, ಮಾತು ಕೇಳಿಸ್ತು, ಆದರೆ ಆಡಿದ ಮನುಷ್ಯ ಕೇಳಿಸಲಿಲ್ಲವಲ್ಲ" ಎಂದರು. ಅವರ ಮಾತು ಅಕ್ಷರಶಃ ನಿಜವಾಗಿತ್ತು. ಎದೆಯಿಂದ ಬರುವ ಗಂಭೀರ ಸ್ವರವೆಲ್ಲ ಎಲ್ಲಿಯೋ ಸೋರಿಹೋಗಿ, ತಗಡಿನ ಸದ್ದು ಮಾತ್ರ ಉಳಿದಿತ್ತು. ಹಾಗೆ ಸೋರಿಹೋದುದು ಎಲ್ಲಿಗೆ ಎಂದು ಹುಡುಕುತ್ತ ಹೋದಾಗ ಪೆಟ್ಟಿಗೆಗೂ ಒಂದು ಚರಿತ್ರೆಯಿರುವುದು ತಿಳಿದುಬಂತು.

ಇಂದು ಬಳಕೆಯಲ್ಲಿರುವ ಸ್ಪೀಕರಿನ ರೂಪವು ೧೯೨೫ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬವರಿಂದ ಪ್ರಕಟವಾಯಿತು. ಅಯಸ್ಕಾಂತದ ನಡುವೆ ತಂತಿಯ ಸುರುಳಿ. ಸುರುಳಿಗೆ ಅಂಟಿದ ಕಾಗದದ ಶಂಕು. ವಿದ್ಯುತ್ತು ಏರಿಳಿದಂತೆ ಶಂಕು ಮುಂದಕ್ಕೂ ಹಿಂದಕ್ಕೂ ಆಡಿ ಗಾಳಿಯನ್ನು ತಳ್ಳುವುದು. ಇದರಲ್ಲಿ ಒಂದು ತೊಡಕಿದೆ. ಶಂಕು ಮುಂದಕ್ಕೆ ಬಂದಾಗ ಎದುರಿನ ಗಾಳಿ ಒತ್ತಲ್ಪಡುತ್ತದೆ, ಅದೇ ಕ್ಷಣದಲ್ಲಿ ಬೆನ್ನಿನ ಗಾಳಿ ತೆಳುವಾಗುತ್ತದೆ. ನಡುವೆ ತಡೆಯಿಲ್ಲದಿದ್ದರೆ ಮುಂದಿನ ಗಾಳಿ ಅಂಚನ್ನು ಸುತ್ತಿ ಹಿಂದಕ್ಕೆ ಹರಿದು, ಎರಡೂ ಒಂದನ್ನೊಂದು ಅಳಿಸಿಬಿಡುತ್ತವೆ. ಆದುದರಿಂದ ಶಂಕುವಿನ ಸುತ್ತ ಒಂದು ಹಲಗೆ ಬೇಕೇಬೇಕೆಂದು ಆ ಇಬ್ಬರು ವಿಜ್ಞಾನಿಗಳು ಆಗಲೇ ಸಾರಿದ್ದರು. ಪೆಟ್ಟಿಗೆಯ ವಂಶಕ್ಕೆ ಮೂಲಪುರುಷನು ಈ ಹಲಗೆಯೇ.

ಇದರ ಲೆಕ್ಕವನ್ನು ಮೇಲಿನ ತರಗತಿಯ ಮಕ್ಕಳೂ ಮಾಡಬಹುದು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು ೩೪೩ ಮೀಟರು. ಮುಂಬದಿಯಿಂದ ಹಿಂಬದಿಗೆ ಸುತ್ತಿ ಬರುವ ದಾರಿಯು ತರಂಗದ ಅರ್ಧ ಉದ್ದಕ್ಕಿಂತ ಚಿಕ್ಕದಾದಾಗ ಸ್ವರ ಕ್ಷೀಣಿಸತೊಡಗುತ್ತದೆ. ಎಂಟು ಅಂಗುಲದ, ಅಂದರೆ ೨೦ ಸೆಂಟಿಮೀಟರಿನ ಬರಿಯ ಸ್ಪೀಕರಿಗೆ ಆ ದಾರಿ ಸುಮಾರು ೨೦ ಸೆಂಟಿಮೀಟರು. ೩೪೩ನ್ನು ಅದರ ಇಮ್ಮಡಿಯಾದ ೦.೪ರಿಂದ ಭಾಗಿಸಿದರೆ ಸುಮಾರು ೮೫೦ ಬರುತ್ತದೆ. ಸೆಕೆಂಡಿಗೆ ೮೫೦ ಕಂಪನಗಳಿಗಿಂತ ಕೆಳಗಿನ ಸ್ವರವೆಲ್ಲ ಇಳಿಮುಖವಾಗುತ್ತದೆಂದು ಇದರ ಅರ್ಥ. ಗಂಡಸಿನ ಮಾತಿನ ಮೂಲಸ್ವರವಾದರೋ ಸಾಮಾನ್ಯವಾಗಿ ೧೦೦ರಿಂದ ೧೫೦ ಕಂಪನಗಳ ಆಸುಪಾಸಿನಲ್ಲಿದೆ. ನಮ್ಮ ಸಭೆಯಲ್ಲಿ ಮನುಷ್ಯನು ಕೇಳಿಸದೆ ಹೋದುದು ಇದರಿಂದಲೇ. ಅದೇ ಸ್ಪೀಕರನ್ನು ಒಂದು ಮೀಟರು ಚೌಕದ ಹಲಗೆಯ ನಡುವೆ ಕೂರಿಸಿದ್ದರೆ ಆ ಗಡಿ ಸುಮಾರು ೧೭೦ಕ್ಕೆ ಇಳಿಯುತ್ತಿತ್ತು.

ಇಲ್ಲೊಂದು ಪ್ರಶ್ನೆ ಏಳಬಹುದು: ಸೋರಿಹೋದಷ್ಟನ್ನು ವಿದ್ಯುಚ್ಛಕ್ತಿ ಹೆಚ್ಚಿಸಿ ತುಂಬಿಕೊಳ್ಳಬಾರದೇಕೆ? ಇಂದಾದರೆ ಹಾಗೆ ಮಾಡುವುದು ಸುಲಭ. ಆದರೆ ವಾಲ್ವುಗಳ ಕಾಲದಲ್ಲಿ ಶಕ್ತಿಯೆಂಬುದು ಬಹು ದುಬಾರಿಯಾದ ವಸ್ತು. ೧೯೩೩ರಲ್ಲಿ ಬಂದ ೨ಎ೩ ಎಂಬ ಹೆಸರಾಂತ ವಾಲ್ವು ಒಂಟಿಯಾಗಿ ಕೊಡುತ್ತಿದ್ದುದು ಸುಮಾರು ೩.೫ ವ್ಯಾಟ್, ೧೯೩೮ರ ೩೦೦ಬಿ ಎಂಬುದು ಸುಮಾರು ೮ ವ್ಯಾಟ್. ಮನೆಯ ರೇಡಿಯೋಗಳಲ್ಲಿ ಮೂರು ನಾಲ್ಕು ವ್ಯಾಟ್ ದೊರೆತರೆ ಅದೇ ಸಮೃದ್ಧಿ. ಸಾಲದುದಕ್ಕೆ, ಸಾಮಾನ್ಯ ಸ್ಪೀಕರು ತನಗೆ ಬಂದ ಶಕ್ತಿಯಲ್ಲಿ ನೂರರಲ್ಲಿ ಒಂದೆರಡು ಪಾಲನ್ನು ಮಾತ್ರ ಶಬ್ದವಾಗಿಸಿ, ಉಳಿದುದನ್ನು ಶಾಖವಾಗಿ ಕಳೆಯುತ್ತದೆ. ಇಂಥ ಬಡತನದಲ್ಲಿ ಒಂದು ಊರಿಗೆ ಊರೇ ಕೇಳುವಂತೆ ಮಾಡುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಪೆಟ್ಟಿಗೆಯ ಶಾಸ್ತ್ರವು ಬೆಳೆಯಿತು.

ಮೊದಲ ಉತ್ತರವು ಸಿನಿಮಾ ಮಂದಿರಗಳಿಂದ ಬಂದಿತು. ಈ ವಿಷಯದಲ್ಲಿ ನಮ್ಮ ಕೊಯಮತ್ತೂರಿಗೆ ಹೆಮ್ಮೆಯ ಸ್ಥಾನವಿದೆ. ತಿರುಚಿನಾಪಳ್ಳಿಯಲ್ಲಿ ರೈಲ್ವೆ ನೌಕರರಾಗಿದ್ದ ಸಾಮಿಕಣ್ಣು ವಿನ್ಸೆಂಟರು ೧೯೦೫ರಲ್ಲಿ ಫ್ರೆಂಚರೊಬ್ಬರಿಂದ ಚಲನಚಿತ್ರದ ಯಂತ್ರವನ್ನು ಕೊಂಡು, ಊರೂರು ತಿರುಗಿ ಗುಡಾರದಲ್ಲಿ ಚಿತ್ರ ತೋರಿಸಿ, ೧೯೧೪ರಲ್ಲಿ ಕೊಯಮತ್ತೂರಿನಲ್ಲಿ ವೆರೈಟಿ ಹಾಲ್ ಎಂಬ ಸ್ಥಿರವಾದ ಚಿತ್ರಮಂದಿರವನ್ನು ಕಟ್ಟಿದರು. ದಕ್ಷಿಣ ಭಾರತದ ಮೊತ್ತಮೊದಲ ಚಿತ್ರಮಂದಿರಗಳ ಸಾಲಿಗೆ ಅದು ಸೇರುತ್ತದೆ. ಅದಿದ್ದ ಬೀದಿ ಇಂದಿಗೂ ವೆರೈಟಿ ಹಾಲ್ ರಸ್ತೆಯೆಂಬ ಹೆಸರನ್ನು ಉಳಿಸಿಕೊಂಡಿದೆ. ಆಗ ಚಿತ್ರಗಳಿಗೆ ಮಾತು ಬಂದಿರಲಿಲ್ಲ. ೧೯೩೧ರಲ್ಲಿ 'ಆಲಂ ಆರಾ' ಹಿಂದಿಯಲ್ಲಿಯೂ 'ಕಾಳಿದಾಸ್' ತಮಿಳಿನಲ್ಲಿಯೂ ತೆರೆಕಂಡವು. ೧೯೩೪ರಲ್ಲಿ 'ಸತಿ ಸುಲೋಚನಾ' ಕನ್ನಡಕ್ಕೆ ಮಾತು ತಂದಿತು. ವಿನ್ಸೆಂಟರೂ ೧೯೩೩ರಲ್ಲಿ 'ವಳ್ಳಿ ತಿರುಮಣಂ' ಎಂಬ ಮಾತಿನ ಚಿತ್ರದ ನಿರ್ಮಾಣದಲ್ಲಿ ಪಾಲುಗೊಂಡರು.

ಚಿತ್ರಕ್ಕೆ ಮಾತು ಬಂದೊಡನೆ ನೂರಾರು ಜನರಿರುವ ಮಂದಿರವನ್ನು ಕೆಲವೇ ವ್ಯಾಟುಗಳಿಂದ ತುಂಬಬೇಕಾಯಿತು. ಅಮೆರಿಕದ ಬೆಲ್ ಪ್ರಯೋಗಾಲಯದ ವೆಂಟ್ ಮತ್ತು ಥುರಾಸ್ ಎಂಬ ವಿಜ್ಞಾನಿಗಳು ೧೯೨೬ರ ವೇಳೆಗೆ ಇದಕ್ಕೆ ಕಂಡುಕೊಂಡ ಉಪಾಯವು ಕಹಳೆ. ಸಣ್ಣ ತಟ್ಟೆಯೊಂದು ಕಿರಿದಾದ ಕಂಠದಲ್ಲಿ ಗಾಳಿಯನ್ನು ಒತ್ತುತ್ತದೆ. ಕಂಠವು ಕ್ರಮಕ್ರಮವಾಗಿ ಹಿಗ್ಗುತ್ತ ದೊಡ್ಡ ಬಾಯಾಗುತ್ತದೆ. ಹಗುರವಾದ ಗಾಳಿಯು ತಟ್ಟೆಯ ಹಿಡಿತಕ್ಕೆ ಸಿಕ್ಕದೆ ಜಾರಿಹೋಗುವುದನ್ನು ಕಹಳೆ ತಡೆಯುತ್ತದೆ. ಅವರ ೫೫೫ ಎಂಬ ಸಾಧನವು ತನಗೆ ಬಂದ ಶಕ್ತಿಯ ಕಾಲುಭಾಗಕ್ಕೂ ಮಿಕ್ಕಿ ಶಬ್ದವಾಗಿಸುತ್ತಿತ್ತು. ನೂರಕ್ಕೆ ಒಂದೆಲ್ಲಿ, ಇಪ್ಪತ್ತೈದೆಲ್ಲಿ! ಮೊದಲು ಹೇಳಿದ ನಾಗಸ್ವರದ ತತ್ತ್ವವೇ ಇದು. ಆದರೆ ಕೆಳಸ್ವರಕ್ಕೆ ಕಹಳೆಯ ಬಾಯಿ ಮನೆಯ ಬಾಗಿಲಿಗಿಂತ ದೊಡ್ಡದಾಗಬೇಕು. ಚಿತ್ರಮಂದಿರದ ತೆರೆಯ ಹಿಂದೆ ಅದಕ್ಕೆ ಸ್ಥಳವುಂಟು. ನೆಯ್ಗೆಯವನ ಮನೆಯಲ್ಲಿ ಎಲ್ಲುಂಟು?

ಆದುದರಿಂದ ಮನೆಯ ರೇಡಿಯೋ ಬೇರೆ ದಾರಿ ಹಿಡಿಯಿತು. ಕನ್ನಡಿಗರಿಗೆ ರೇಡಿಯೋ ಚರಿತ್ರೆ ಆರಂಭವಾಗುವುದು ಮೈಸೂರಿನಿಂದ. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರ ಸೆಪ್ಟೆಂಬರ್ ೧೦ರಂದು ತಮ್ಮ ಮನೆಯಿಂದಲೇ ಪ್ರಸಾರವನ್ನಾರಂಭಿಸಿದರು. ಅವರ ಮೊದಲ ಪ್ರೇಷಕ ಯಂತ್ರದ ಶಕ್ತಿ ಮನೆಯ ಒಂದು ವಿದ್ಯುದ್ದೀಪಕ್ಕೆ ಬೇಕಾದಷ್ಟೇ. ಆ ಅಲ್ಪಶಕ್ತಿಯ ನಿಲಯಕ್ಕೆ ಇಟ್ಟ 'ಆಕಾಶವಾಣಿ' ಎಂಬ ಹೆಸರು ಮುಂದೆ ಇಡೀ ಭಾರತದ ರೇಡಿಯೋ ಸಂಸ್ಥೆಗೆ ಹೆಸರಾಯಿತು. ಇತ್ತ ಮದ್ರಾಸ್ ಪ್ರಾಂತದಲ್ಲಿ ೧೯೩೮ರಲ್ಲಿ ಮದ್ರಾಸಿನಲ್ಲಿಯೂ ೧೯೩೯ರಲ್ಲಿ ತಿರುಚಿನಾಪಳ್ಳಿಯಲ್ಲಿಯೂ ನಿಲಯಗಳಾದವು. ೧೯೫೦ರಲ್ಲಿ ಧಾರವಾಡದ ನಿಲಯ, ೧೯೫೫ರಲ್ಲಿ ಬೆಂಗಳೂರಿನ ನಿಲಯ ಕನ್ನಡಕ್ಕೆ ದೊರೆತವು.

ಕೊಯಮತ್ತೂರು ಜಿಲ್ಲೆಯ ಅಂದಿನ ಎಲ್ಲೆಯನ್ನು ವಾಚಕರು ನೆನಪಿಗೆ ತಂದುಕೊಳ್ಳಬೇಕು. ೧೯೫೬ರ ನವೆಂಬರ್ ೧ರವರೆಗೆ ಕೊಳ್ಳೇಗಾಲವು ಈ ಜಿಲ್ಲೆಗೆ ಸೇರಿತ್ತು. ಈಗಿನ ತಿರುಪ್ಪೂರು ಜಿಲ್ಲೆಯೂ ೨೦೦೯ರಲ್ಲಿ ಬೇರೆಯಾಗುವ ಮುನ್ನ ಬಹುಪಾಲು ಇದರದೇ ಭಾಗವಾಗಿತ್ತು. ಕೊಳ್ಳೇಗಾಲವು ಮೈಸೂರಿಗೆ ಸೇರಿದ ಮೇಲೂ ದೇವಾಂಗದವರೇ ಮೊದಲಾಗಿ ಮನೆಯಲ್ಲಿ ಕನ್ನಡವಾಡುವ ಅನೇಕ ಕುಟುಂಬಗಳು ಇಲ್ಲಿ ಉಳಿದವು. ಬೀದಿಯಲ್ಲಿ ತಮಿಳು, ಮನೆಯೊಳಗೆ ಕನ್ನಡ. ಮಧ್ಯಮ ತರಂಗವು ರಾತ್ರಿಯ ಹೊತ್ತು ಬಹುದೂರ ಸಾಗುವುದರಿಂದ, ಮಗ್ಗ ನಿಂತ ಮೇಲೆ ಮುಳ್ಳನ್ನು ತಿರುಗಿಸಿ ಗೊರಗೊರ ಸದ್ದಿನ ನಡುವೆ ಕನ್ನಡವನ್ನು ಹುಡುಕುತ್ತಿದ್ದರೆಂದು ಹಿರಿಯರು ಹೇಳುವುದನ್ನು ಕೇಳಿದ್ದೇನೆ. ಬರೆದ ಕನ್ನಡವನ್ನು ಓದಲಾರದವರಿಗೂ ಕೇಳುವ ಕನ್ನಡ ಆ ಪೆಟ್ಟಿಗೆಯಿಂದ ದೊರೆಯುತ್ತಿತ್ತು.

೧೯೩೦ರ ದಶಕದ ಮೊದಲಲ್ಲಿ ನೀಲಗಿರಿಯ ಪೈಕಾರಾ ಜಲವಿದ್ಯುತ್ತು ಕೊಯಮತ್ತೂರಿಗೆ ಇಳಿದುಬಂದು, ಗಿರಣಿಗಳೊಂದಿಗೆ ಯಂತ್ರವಿದ್ಯೆಯೂ ಇಲ್ಲಿ ಬೆಳೆಯಿತು. ಆ ವಿದ್ಯೆಯ ಮುಂದಾಳುಗಳಲ್ಲೊಬ್ಬರಾದ ಜಿ. ಡಿ. ನಾಯ್ಡು ಅವರು (೧೮೯೩–೧೯೭೪) ಐದು ವಾಲ್ವುಗಳ ರೇಡಿಯೋವನ್ನು ಕೇವಲ ೭೦ ರೂಪಾಯಿಗೆ ತಯಾರಿಸಿಕೊಡಬಲ್ಲೆನೆಂದು ೧೯೪೧ರಲ್ಲಿ ಸಾರಿದರು. ಪರದೇಶದ ರೇಡಿಯೋಗಳೇ ತುಂಬಿದ್ದ ಕಾಲದಲ್ಲಿ ಅದು ಸಾಹಸದ ಮಾತು. ಮುಂದೆ, ೧೯೫೪ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು ರೇಡಿಯೋ ವಾಲ್ವುಗಳನ್ನೂ ತಯಾರಿಸಿತು.

ಈ ರೇಡಿಯೋಗಳ ಪೆಟ್ಟಿಗೆ ದೊಡ್ಡದಾಗಿಯೂ ಹಿಂಬದಿ ಬಹುಮಟ್ಟಿಗೆ ತೆರೆದೂ ಇದ್ದುದು ಕೇವಲ ಅಂದಕ್ಕಲ್ಲ. ರೈಸ್ ಮತ್ತು ಕೆಲಾಗ್ ಹೇಳಿದ ಹಲಗೆಯನ್ನೇ ನಾಲ್ಕು ಬದಿಗೂ ಮಡಿಸಿದರೆ ಆಗುವುದು ಈ ಪೆಟ್ಟಿಗೆ. ವಾಲ್ವುಗಳ ಬಿಸಿಯೂ ಹೊರಹೋಗಬೇಕು, ಸ್ವರದ ದಾರಿಯೂ ಉದ್ದವಾಗಬೇಕು. ಎರಡನ್ನೂ ಒಂದೇ ಮರದ ಕೆಲಸ ಸಾಧಿಸುತ್ತಿತ್ತು. ಹಳ್ಳಿಯ ಪಂಚಾಯಿತಿ ರೇಡಿಯೋಕ್ಕೆ ಮಾತ್ರ ಕಟ್ಟಡದ ಮೇಲೆ ತಗಡಿನ ಕಹಳೆ ಇರುತ್ತಿತ್ತು; ಅದು ದೂರಕ್ಕೆ ಕೇಳುವುದು, ಆದರೆ ಕೆಳಸ್ವರವನ್ನು ಬಿಟ್ಟುಕೊಡುವುದು.

ಇದೇ ಕಾಲದಲ್ಲಿ ಇನ್ನೂ ಎರಡು ಉಪಾಯಗಳು ಹುಟ್ಟಿದವು. ಒಂದನ್ನು ಮಡಕೆಯ ಉಪಾಯವೆನ್ನಬಹುದು. ಖಾಲಿ ಸೀಸೆಯ ಬಾಯಿಗೆ ಅಡ್ಡವಾಗಿ ಊದಿದರೆ ಅದು ತನ್ನದೇ ಒಂದು ಕೆಳಸ್ವರವನ್ನು ಹಾಡುತ್ತದೆ. ೫೫೫ನ್ನು ನಿರ್ಮಿಸಿದವರಲ್ಲೊಬ್ಬರಾದ ಆಲ್ಬರ್ಟ್ ಥುರಾಸ್, ಮುಚ್ಚಿದ ಪೆಟ್ಟಿಗೆಗೆ ಇಂಥದೊಂದು ಬಾಯಿಯನ್ನಿಟ್ಟು, ಶಂಕುವಿನ ಬೆನ್ನಿನ ಗಾಳಿಯನ್ನು ಕೆಳಸ್ವರಕ್ಕೆ ಸಹಾಯಕವಾಗುವಂತೆ ತಿರುಗಿಸಿದರು. ೧೯೩೨ರಲ್ಲಿ ಅವರಿಗೆ ಅದರ ಹಕ್ಕುಪತ್ರ ದೊರೆಯಿತು. ಉದಾಹರಣೆಗೆ ೬೦ ಲೀಟರಿನ ಪೆಟ್ಟಿಗೆಗೆ ೭.೫ ಸೆಂಟಿಮೀಟರ್ ವ್ಯಾಸದ, ೧೦ ಸೆಂಟಿಮೀಟರ್ ಉದ್ದದ ಕೊಳವೆಯಿಟ್ಟರೆ ಅದರ ಸ್ವರ ಸೆಕೆಂಡಿಗೆ ಸುಮಾರು ೩೮ ಕಂಪನ. ಹಿಂದೆ ವೈರಿಯಾಗಿದ್ದ ಬೆನ್ನಿನ ಗಾಳಿ ಈಗ ಸೇವಕನಾಯಿತು.

ಎರಡನೆಯದು ಕೊಳವೆಯ ಉಪಾಯ. ಒಂದು ತುದಿ ಮುಚ್ಚಿದ ಕೊಳವೆಯು ತನ್ನ ಉದ್ದದ ನಾಲ್ಮಡಿ ತರಂಗಕ್ಕೆ ಮಿಡಿಯುತ್ತದೆ, ೧.೭ ಮೀಟರಿನ ಕೊಳವೆಗೆ ಅದು ಸುಮಾರು ೫೦ ಕಂಪನ. ಅಷ್ಟುದ್ದದ ಕೊಳವೆಯನ್ನು ಪೆಟ್ಟಿಗೆಯೊಳಗೆ ಮಡಿಸಿಡಬಹುದು. ಅಮೆರಿಕದ ಬೆಂಜಮಿನ್ ಓಲ್ನಿ ಎಂಬವರು ೧೯೩೬ರಲ್ಲಿ ಇಂಥ ಸುತ್ತುದಾರಿಯ ಪೆಟ್ಟಿಗೆಯನ್ನು ವಿವರಿಸಿದರು. ಇಂಗ್ಲೆಂಡಿನ ಪಾಲ್ ವಾಯ್ಟ್ ಅವರು ಬಲವಾದ ಅಯಸ್ಕಾಂತ, ಹಗುರವಾದ ಶಂಕು, ಅದರ ನಡುವೆ ಮೇಲುಸ್ವರಕ್ಕೆಂದು ಮತ್ತೊಂದು ಕಿರುಶಂಕು ಇವುಗಳನ್ನು ಕೂಡಿಸಿ, ಮಾತಿನಿಂದ ಸಂಗೀತದವರೆಗೆ ಎಲ್ಲವನ್ನೂ ಒಂದೇ ಸ್ಪೀಕರು ನುಡಿಯುವಂತೆ ಮಾಡಿದರು. ಪೂರ್ಣಶ್ರೇಣಿಯ ಸ್ಪೀಕರೆಂದು ಈಗ ಕರೆಯುವುದಕ್ಕೆ ಅವರು ಹಿರಿಯರು. ಕೋಣೆಯ ಮೂಲೆಯ ಎರಡು ಗೋಡೆಗಳನ್ನೇ ಕಹಳೆಯ ಮುಂದುವರಿಕೆಯಾಗಿ ಬಳಸುವ ಉಪಾಯವೂ ಅವರ ಪೆಟ್ಟಿಗೆಯಲ್ಲಿತ್ತು. ೧೯೪೬ರಲ್ಲಿ ಅಮೆರಿಕದ ಪಾಲ್ ಕ್ಲಿಪ್ಷ್ ಅದೇ ಮೂಲೆಯ ತತ್ತ್ವದಿಂದ ಹೆಸರಾಂತ ಕಹಳೆಯೊಂದನ್ನು ಪ್ರಕಟಿಸಿದರು.

ಇಷ್ಟು ಶ್ರಮದಿಂದ ಬೆಳೆದ ವಿದ್ಯೆ ಇದ್ದಕ್ಕಿದ್ದಂತೆ ಹಿಂದೆ ಸರಿದುದೇಕೆ? ೧೯೪೭ರ ಕೊನೆಯಲ್ಲಿ ಟ್ರಾನ್ಸಿಸ್ಟರು ಹುಟ್ಟಿತು. ೧೯೫೪ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್, ಗಾಳಿಯಾಡದಂತೆ ಮುಚ್ಚಿದ ಚಿಕ್ಕ ಪೆಟ್ಟಿಗೆಯಿಂದಲೇ ಆಳವಾದ ಕೆಳಸ್ವರವನ್ನು ಹೊರಡಿಸಿ ತೋರಿಸಿದರು. ಆದರೆ ಅದಕ್ಕೆ ಬೆಲೆ ತೆರಬೇಕಾಗಿತ್ತು. ಆ ಪೆಟ್ಟಿಗೆ ಬಹಳ ಶಕ್ತಿಯನ್ನು ನುಂಗುತ್ತಿತ್ತು. ಟ್ರಾನ್ಸಿಸ್ಟರಿನಿಂದ ಶಕ್ತಿ ಅಗ್ಗವಾದಾಗ ಆ ಬೆಲೆಯನ್ನು ಯಾರೂ ಲೆಕ್ಕಿಸಲಿಲ್ಲ. ಆಸ್ಟ್ರೇಲಿಯದಲ್ಲಿ ೧೯೬೧ರಲ್ಲಿ ನೆವಿಲ್ ಥೀಲ್, ೧೯೭೦ರ ದಶಕದ ಮೊದಲಲ್ಲಿ ರಿಚರ್ಡ್ ಸ್ಮಾಲ್ ಪೆಟ್ಟಿಗೆಯ ಗಣಿತವನ್ನು ಖಚಿತಗೊಳಿಸಿದರು. ಪೆಟ್ಟಿಗೆಯ ಗಾತ್ರ, ಕೆಳಸ್ವರದ ಆಳ, ಶಕ್ತಿಯ ಮಿತವ್ಯಯ ಈ ಮೂರರಲ್ಲಿ ಎರಡನ್ನು ಪಡೆಯಬೇಕಾದರೆ ಮೂರನೆಯದನ್ನು ಬಿಡಬೇಕೆಂಬ ಮಾತು ಅವರ ಗಣಿತದಿಂದ ಸಿದ್ಧವಾಗುತ್ತದೆ. ಕೊಯಮತ್ತೂರಿಗೆ ತನ್ನದೇ ರೇಡಿಯೋ ನಿಲಯ ೧೯೬೬ರಲ್ಲಿ ಬರುವ ಹೊತ್ತಿಗೆ ಕೈಯಲ್ಲಿ ಹಿಡಿದು ಹೋಗುವ ಟ್ರಾನ್ಸಿಸ್ಟರ್ ರೇಡಿಯೋಗಳೂ ಬರತೊಡಗಿದ್ದವು. ಮರದ ಪೆಟ್ಟಿಗೆಗಳು ಮೆಲ್ಲನೆ ಅಟ್ಟವನ್ನೇರಿದವು.

ಆದರೂ ಆ ವಿದ್ಯೆ ಅಳಿಯಲಿಲ್ಲ. ಜಪಾನಿನ ಹವ್ಯಾಸಿಗಳು ೩೦೦ಬಿಯಂಥ ಒಂಟಿ ವಾಲ್ವಿನ ವರ್ಧಕಗಳನ್ನು ಬಿಡದೆ ಕಟ್ಟುತ್ತ ಬಂದರು. ೧೯೭೦ರ ದಶಕದ ಕೊನೆಯಿಂದ ಫ್ರಾನ್ಸಿನಲ್ಲಿ ಜಾನ್ ಹಿರಾಗಾ ಮೊದಲಾದವರು ಆ ಮಾರ್ಗವನ್ನು ಯುರೋಪಿಗೆ ಪರಿಚಯಿಸಿದರು. ಇಂದಿಗೂ ಅದನ್ನು ಅನುಸರಿಸುವವರು ಮೊದಲು ನೋಡುವುದು ಒಂದು ವ್ಯಾಟಿಗೆ ಸ್ಪೀಕರು ಎಷ್ಟು ಡೆಸಿಬೆಲ್ ನುಡಿಯುತ್ತದೆಂಬುದನ್ನು. ೮೭ ಡೆಸಿಬೆಲ್ಲಿನ ಸ್ಪೀಕರಿಗೆ ೩೦ ವ್ಯಾಟ್ ಕೊಟ್ಟರೆ ಬರುವ ಸದ್ದು ೯೭ ಡೆಸಿಬೆಲ್ಲಿನದಕ್ಕೆ ೩ ವ್ಯಾಟಿನಿಂದಲೇ ಬರುತ್ತದೆ. ಎರಡನೆಯದಾಗಿ, ಇಂಥ ಸರಳ ವಾಲ್ವು ವರ್ಧಕವು ಶಂಕುವನ್ನು ಬಿಗಿಯಾಗಿ ಹಿಡಿದು ನಿಲ್ಲಿಸಲಾರದು; ತೂಗಿಬಿಟ್ಟ ಉಯ್ಯಾಲೆಯಂತೆ ಶಂಕು ತನ್ನ ಸಹಜಸ್ವರದಲ್ಲಿ ತುಸು ಹೊತ್ತು ಆಡುತ್ತಲೇ ಇರುತ್ತದೆ. ಪೆಟ್ಟಿಗೆ ಅದನ್ನು ಇನ್ನಷ್ಟು ಕೆರಳಿಸದಂತೆ ಅದರ ಅಳತೆಯನ್ನು ಗೊತ್ತುಮಾಡಬೇಕು. ಮೂರನೆಯದಾಗಿ, ಹಲಗೆ ತಾನೇ ಹಾಡಬಾರದು. ವೀಣೆಯ ಹಲಸಿನ ಮರ ಮಿಡಿಯಬೇಕು, ಏಕೆಂದರೆ ಅದು ವಾದ್ಯ. ಸ್ಪೀಕರಿನ ಪೆಟ್ಟಿಗೆ ವಾದ್ಯವಲ್ಲ. ಅದು ಇನ್ನೊಬ್ಬರ ಮಾತನ್ನು ಬದಲಿಸದೆ ತಲುಪಿಸುವ ದೂತ.

ಇಷ್ಟನ್ನು ಕಲಿತ ಮೇಲೆ ನಮ್ಮ ರೇಡಿಯೋಕ್ಕೆ ಹೊಸ ಪೆಟ್ಟಿಗೆ ಮಾಡಿಸಲು ಹೊರಟೆನು. ಮಡಕೆಯ ಪೆಟ್ಟಿಗೆಯ ಆಸೆ ನನಗಿತ್ತು. ಆದರೆ ಹಳೆಯ ರೇಡಿಯೋ ಸ್ಪೀಕರಿನ ಅಯಸ್ಕಾಂತ ಅಷ್ಟು ಬಲವಾದುದಲ್ಲ. ಅದನ್ನು ಅಂಥ ಪೆಟ್ಟಿಗೆಯಲ್ಲಿಟ್ಟರೆ ಒಂದೇ ಸ್ವರ ಗುಂಯ್ಗುಡುತ್ತದೆಂದು ಬಲ್ಲವರು ತಿಳಿಸಿದರು. ಆದುದರಿಂದ ಹಿರಿಯರ ಹಾದಿಯನ್ನೇ ಹಿಡಿದು, ಮಗ್ಗದ ಸಾಮಾನು ಮಾಡುವ ಬಡಗಿಯೊಬ್ಬರಿಂದ ೬೦ ಸೆಂಟಿಮೀಟರ್ ಅಗಲದ, ೨೫ ಸೆಂಟಿಮೀಟರ್ ಆಳದ, ಹಿಂಬದಿ ತೆರೆದ ಪೆಟ್ಟಿಗೆಯನ್ನು ದಪ್ಪ ಹಲಗೆಯಿಂದ ಮಾಡಿಸಿದೆನು. ಲೆಕ್ಕದಂತೆ ೮೫೦ರ ಗಡಿ ಸುಮಾರು ೧೮೦ಕ್ಕೆ ಇಳಿಯಿತು. ವಾಲ್ವಿನ ಯಂತ್ರದೊಳಗೆ ೨೫೦ ವೋಲ್ಟಿನಷ್ಟು, ಕೆಲವೊಮ್ಮೆ ಅದಕ್ಕೂ ಮಿಕ್ಕ ಪ್ರಾಣಾಪಾಯದ ವಿದ್ಯುತ್ತಿರುತ್ತದೆ. ತಂತಿ ಕಿತ್ತ ಮೇಲೂ ಸ್ವಲ್ಪ ಹೊತ್ತು ಅದು ಅಡಗಿ ಕೂತಿರುತ್ತದೆ. ಆದುದರಿಂದ ಮಕ್ಕಳಿಗೆ ಮರದ ಕೆಲಸವನ್ನೂ ಲೆಕ್ಕವನ್ನೂ ಮಾತ್ರ ಒಪ್ಪಿಸಿ, ಯಂತ್ರವನ್ನು ಮುಟ್ಟಗೊಡಲಿಲ್ಲ. ಇದನ್ನು ಮಾಡಬಯಸುವ ಉಪಾಧ್ಯಾಯರೂ ಹಾಗೆಯೇ ನಡೆಯಬೇಕೆಂದು ಕೋರುತ್ತೇನೆ.

ಅದೇ ಭಾಷಣವನ್ನು ಮತ್ತೆ ಕೇಳಿಸಿದ ದಿನ ಆ ಹಿರಿಯರನ್ನು ಮುಂದೆ ಕುಳ್ಳಿರಿಸಿದೆನು. ಪೆಟ್ಟಿಗೆ ಗೋಡೆಗೆ ಹತ್ತಿರವಿತ್ತು, ಶಕ್ತಿ ಮೊದಲಿನಷ್ಟೇ. ಕೆಲವು ಮಾತುಗಳಾದ ಮೇಲೆ ಅವರು ಕಣ್ಣು ಮುಚ್ಚಿದರು. ಮುಗಿದ ಮೇಲೆ "ಈಗ ಹೇಗಿದೆ, ತಾತ?" ಎಂದು ಕೇಳಿದೆ. "ಈಗ ಎದುರಿಗೆ ಕೂತು ಆಡಿದ ಹಾಗಿತ್ತು. ಇನ್ನೂ ಸ್ವಲ್ಪ ಎದೆ ಬೇಕು, ಮೇಷ್ಟ್ರೇ" ಎಂದರು. ಅದೂ ನಿಜವೇ, ೧೮೦ಕ್ಕೂ ೧೦೦ಕ್ಕೂ ನಡುವೆ ಇನ್ನೂ ಬಾಕಿಯಿದೆ. ಮುಂದಿನ ವರ್ಷ ಹಲಗೆಯನ್ನು ಇನ್ನಷ್ಟು ಅಗಲಿಸುವ ಯೋಚನೆಯಿದೆ.

ಈ ಎರಡು ಜಿಲ್ಲೆಗಳಲ್ಲಿ ಕನ್ನಡವನ್ನು ಓದಿ ಬರೆಯುವವರು ಕೆಲವರು. ಆ ಸಂಖ್ಯೆಯನ್ನು ಹೆಚ್ಚಿಸುವುದು ನನ್ನಂಥ ಒಬ್ಬ ಉಪಾಧ್ಯಾಯನ ಕೈಯಲ್ಲಿಲ್ಲ. ಆದರೆ ಇರುವ ಕೆಲವರ ದನಿ ಅಂಚಿನಲ್ಲಿ ಸೋರಿಹೋಗದಂತೆ ನೋಡಿಕೊಳ್ಳುವುದು ಒಂದು ತರಗತಿಗೂ ಒಂದು ಸಂಘಕ್ಕೂ ಸಾಧ್ಯವಿರುವ ಕೆಲಸ. ಅಟ್ಟದ ಮೇಲೆ ಮರದ ರೇಡಿಯೋ ಇದ್ದವರು ಅದನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಕೆಳಗಿಳಿಸಿ, ಅದರ ಪೆಟ್ಟಿಗೆಯನ್ನು ಮಕ್ಕಳಿಂದ ಅಳೆಯಿಸಿ, ಅದರಲ್ಲಿ ಯಾವ ಊರಿನ ಕನ್ನಡ ಕೇಳುತ್ತಿತ್ತೆಂದು ಮನೆಯ ಹಿರಿಯರನ್ನು ಕೇಳಿ ಬರೆದಿಡಬೇಕೆಂದು ಪ್ರಾರ್ಥಿಸುತ್ತೇನೆ.